ಮರೆವ್ವನ ಬೆರಳ ಮೇಲಿನ ಹದಿನಾರು ಪದಗಳು

ಸಂಪಗಾಂವದ ಮರೆವ್ವನಿಗೆ ಓದು ಬರಹ ಬಾರದು. ಆದರೂ ಬೈಲಹೊಂಗಲದಿಂದ ಹೊರಡುವ ನಮ್ಮ ನಾಲ್ಕು ಪುಟದ ದಿನಪತ್ರಿಕೆಯ ಪದಗಳ ಆಟವನ್ನು ಆಕೆಯಷ್ಟು ಶುದ್ಧವಾಗಿ ಬಿಡಿಸಿದವರನ್ನು ನಾನು ಕಂಡಿಲ್ಲ. ಆ ಆಟವನ್ನು ಪ್ರತಿದಿನ ಹೆಣೆಯುವವಳು ನಾನೇ ಆದ್ದರಿಂದ ಈ ಮಾತನ್ನು ಹೇಳುವ ಅಧಿಕಾರ ನನಗಿದೆ.

ಆಟದ ಹೆಸರು ‘ನಾಲ್ಕ ನಾಲ್ಕಲೆ’. ಮೂರನೆಯ ಪುಟದ ಕೆಳಭಾಗದಲ್ಲಿ ಹದಿನಾರು ಪದಗಳು ಅಚ್ಚಾಗುತ್ತವೆ. ಒಂದಕ್ಕೊಂದು ಸಂಬಂಧವಿರುವ ನಾಲ್ಕು ಪದಗಳನ್ನು ಒಟ್ಟಿಗೆ ತಂದು, ಹೀಗೆ ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನ ಸಂಬಂಧ ಯಾವುದೆಂದು ಹೇಳಬೇಕು. ಬೆಳಿಗ್ಗೆ ಒಂಬತ್ತರಿಂದ ಹತ್ತರೊಳಗೆ ಕಚೇರಿಗೆ ಫೋನ್ ಮಾಡಬೇಕು. ಹದಿನಾರು ಪದಗಳನ್ನೂ ಫೋನ್ ಮಾಡಿದವರೇ ಬಾಯಿಬಿಟ್ಟು ಹೇಳಬೇಕು. ಒಂದು ದಿನವೂ ತಪ್ಪದೆ ನೂರು ದಿನ ಸರಿಯುತ್ತರ ಕೊಟ್ಟವರ ಭಾವಚಿತ್ರ, ಪೂರ್ಣ ಹೆಸರು ಮತ್ತು ಊರು ಮೊದಲ ಪುಟದಲ್ಲಿ ಪ್ರಕಟವಾಗುತ್ತವೆ. ಒಂದು ದಿನ ತಪ್ಪಿದರೆ ಎಣಿಕೆ ಮತ್ತೆ ಒಂದರಿಂದ. ಈ ನಿಯಮಗಳನ್ನು ಮಾಡಿದವಳು ನಾನು; ಯಾರಿಗೂ ಸಡಿಲಿಸಿದವಳಲ್ಲ. ಇದೇ ಕಚೇರಿಯಲ್ಲಿ ಹಗಲೆಲ್ಲ ಪತ್ರಿಕೆ ಮಡಚಿ, ಸಂಜೆಯ ವರ್ಗಗಳಲ್ಲಿ ಕುಳಿತು, ಮೂವತ್ತಾರನೆಯ ವಯಸ್ಸಿಗೆ ನಾನು ಹತ್ತನೆಯ ತರಗತಿ ಮುಗಿಸಿದಾಗ ನನಗೂ ಯಾರೂ ಒಂದು ಅಂಕವನ್ನು ಸುಮ್ಮನೆ ಕೊಟ್ಟಿರಲಿಲ್ಲ.

ಆಟಕ್ಕೆ ದಿನಾಲೂ ಕರೆ ಮಾಡುವವರು ಹೆಚ್ಚಿಲ್ಲ. ಕಿತ್ತೂರಿನ ಒಬ್ಬ ನಿವೃತ್ತ ಮಾಸ್ತರರು, ಸವದತ್ತಿಯ ಕಚೇರಿಗಳ ಮುಂದೆ ಅರ್ಜಿ ಬರೆದುಕೊಡುವ ಯಮನಪ್ಪ, ಆಗೊಮ್ಮೆ ಈಗೊಮ್ಮೆ ಇನ್ನಾರಾದರೂ. ಒಂಬತ್ತು ಗಂಟೆಗೆ ಕಚೇರಿಯಲ್ಲಿ ನನ್ನ ಹೊರತು ಬೇರೆ ಯಾರೂ ಇರುವುದಿಲ್ಲ. ಕಳೆದ ವರ್ಷದ ಶ್ರಾವಣದಲ್ಲಿ ಆ ಮೌನದೊಳಕ್ಕೆ ಮರೆವ್ವನ ಧ್ವನಿ ಬಂದಿತು.

“ನಮಸ್ಕಾರ್ರಿ ಅಕ್ಕಾರ. ಸಂಪಗಾಂವದಾಗಿಂದ ಮರೆವ್ವ ಮಾತಾಡೂದು. ಹೇಳ್ಲೇನ್ರಿ?”

“ಹೇಳ್ರಿ.”

ಹೇಳಿದಳು. ಹದಿನಾರೂ ಸರಿಯಿದ್ದವು. ಮರುದಿನವೂ ಹೇಳಿದಳು. ಎರಡು ವಾರಗಳ ಮೇಲೆ, ಪತ್ರಿಕೆಯನ್ನು ಆಕೆಗೆ ಪಕ್ಕದ ಮನೆಯ ಸುಗರಾಬಿ ಓದಿ ಹೇಳುತ್ತಾಳೆಂದೂ ಮರೆವ್ವನಿಗೆ ಸ್ವತಃ ಒಂದಕ್ಷರವೂ ತಿಳಿಯದೆಂದೂ ಗೊತ್ತಾದಾಗ ನನಗೆ ಮೊದಲು ಬಂದದ್ದು ಸಂಶಯ. ಸುಗರಾಬಿಯೇ ಬಿಡಿಸಿ ಈಕೆಯ ಬಾಯಿಂದ ಹೇಳಿಸುತ್ತಿರಬೇಕೆಂದುಕೊಂಡೆ. ಹದಿನಾರು ಪದಗಳನ್ನು ನೋಡದೆ ನೆನಪಿನಲ್ಲಿ ಹೇಗೆ ಇಟ್ಟುಕೊಳ್ಳುತ್ತೀರಿ ಎಂದು ನೇರವಾಗಿಯೇ ಕೇಳಿದೆ.

“ಬೆರಳಿನ್ಯಾಗ ಇಟಗೋತೇನ್ರಿ,” ಎಂದಳು. “ಒಂದ ಬೆರಳಿಗೆ ಮೂರು ಗೆಣ್ಣು, ಒಂದು ತುದಿ. ನಾಕಾತಲ್ರಿ? ನಾಕ ಬೆರಳಿಗೆ ಹದಿನಾರು. ಹೆಬ್ಬೆಟ್ಟು ನನ್ನ ಬಡಿಗಿ ಇದ್ದಂಗ. ಅದರ್ಲೆ ಮುಟ್ಟಿಕೋತ ಹೊಕ್ಕೇನಿ.”

ಅಂದರೆ, ಸುಗರಾಬಿ ಮೂರು ಸಲ ಪಟ್ಟಿ ಓದುವಷ್ಟರಲ್ಲಿ ಮರೆವ್ವ ಒಂದೊಂದು ಪದವನ್ನು ಒಂದೊಂದು ಗೆಣ್ಣಿನ ಮೇಲೆ ಕೂರಿಸುತ್ತಿದ್ದಳು. ಆಮೇಲೆ ಮನಸ್ಸಿನಲ್ಲಿಯೇ ಒಂದನ್ನು ಎಬ್ಬಿಸಿ ಇನ್ನೊಂದರ ಜಾಗಕ್ಕೆ ಕಳುಹಿಸಿ, ಕೊನೆಗೆ ಒಂದು ಬೆರಳಿಗೆ ಒಂದು ಗುಂಪು ಬರುವಂತೆ ಮಾಡುತ್ತಿದ್ದಳು. ಆಟದ ಹೆಸರನ್ನು ಮಗ್ಗಿಯಲ್ಲಿ ಹುಡುಕಿದ ನನಗೆ, ಆಟ ಇರುವುದು ಅಂಗೈಯಲ್ಲಿಯೇ ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಮರೆವ್ವ ಖಡಕ್ ರೊಟ್ಟಿ ಮಾಡಿ ಬೈಲಹೊಂಗಲದ ಒಂದು ಖಾನಾವಳಿಗೆ ಕೊಡುತ್ತಾಳೆ. ವಯಸ್ಸು ಐವತ್ತೆಂಟು. ಮನೆಯಲ್ಲಿ ಆಕೆಯೊಬ್ಬಳೇ. ಮುಂಜಾನೆ ಎಂಟೂವರೆಗೆ, ಹಿಟ್ಟಿಗೆ ಕೈ ಹಾಕುವ ಮುನ್ನ, ಸುಗರಾಬಿ ತನ್ನ ಅಂಗಡಿಗೆ ಬರುವ ಪತ್ರಿಕೆಯನ್ನು ಹಿಡಿದು ಬಂದು ಹೊಸ್ತಿಲ ಮೇಲೆ ಕೂರುತ್ತಾಳೆ. ಒಂಬತ್ತಕ್ಕೆ ಫೋನ್. ಆಮೇಲೆ ಮಧ್ಯಾಹ್ನದವರೆಗೆ ಮಾತಿಲ್ಲ. ಹಂಚು, ಹಿಟ್ಟು, ಬಡಿಯುವ ಕೈ.

ಆಟ ಬಿಡಿಸುವ ಸೂಚನೆಗಳನ್ನು ವಾರಕ್ಕೊಮ್ಮೆ ನಾನು ಪತ್ರಿಕೆಯಲ್ಲಿ ಬರೆಯುತ್ತೇನೆ. ಮೊದಲು ಕಣ್ಣಿಗೆ ಬಿದ್ದ ನಾಲ್ಕನ್ನು ನಂಬಬೇಡಿ. ಅದೇ ಗುಂಪಿಗೆ ಐದನೆಯದೊಂದು ಎಲ್ಲಿಯಾದರೂ ಅಡಗಿದೆಯೇ ನೋಡಿ. ಗುಂಪಿನ ಹೆಸರನ್ನು ಒಂದೇ ಮಾತಿನಲ್ಲಿ ಹೇಳಲಾಗದಿದ್ದರೆ ಅದು ಗುಂಪಲ್ಲ. ಮೂರು ಖಚಿತವಾಗಿ ನಾಲ್ಕನೆಯದು ಅನುಮಾನವಾದರೆ ಅದನ್ನು ಅಲ್ಲಿಗೇ ಬಿಟ್ಟು ಬೇರೆ ಕಡೆ ಹೋಗಿ. ಇವೆಲ್ಲ ನಾನು ಬಹಳ ಯೋಚಿಸಿ ಕಂಡುಕೊಂಡವು. ಮರೆವ್ವ ಇದನ್ನೆಲ್ಲ ಒಂದು ಮಾತಿನಲ್ಲಿ ಮುಗಿಸಿದಳು.

ಆ ದಿನದ ಪಟ್ಟಿಯಲ್ಲಿ ಸಾಸಿವೆ, ಕುಸುಬೆ, ಔಡಲ, ಸೂರ್ಯಕಾಂತಿ, ಶೇಂಗಾ, ಅಗಸೆ, ಗುರೆಳ್ಳು, ಪುಟಾಣಿ ಇದ್ದವು; ನಾಲ್ಕು ಎಣ್ಣೆಕಾಳು, ನಾಲ್ಕು ಚಟ್ನಿಯವು. ಕಿತ್ತೂರಿನ ಮಾಸ್ತರರು ಶೇಂಗಾ, ಸಾಸಿವೆ, ಕುಸುಬೆ, ಅಗಸೆ ಎಣ್ಣೆಕಾಳುಗಳೆಂದು ಹೇಳಿ ಸೋತಿದ್ದರು. ಮರೆವ್ವ ಪುಟಾಣಿಯಿಂದ ಆರಂಭಿಸಿದ್ದಳು.

“ಶೇಂಗಾಕ್ಕ ಎರಡ ಮನಿ ಅದಾವ್ರಿ. ಗಾಣಕ್ಕೂ ಹೊಕ್ಕತಿ, ಚಟ್ನಿಗೂ ಹೊಕ್ಕತಿ. ಅಗಸಿ, ಗುರೆಳ್ಳಿಗೂ ಹಂಗ. ಪುಟಾಣಿಗೆ ಎಲ್ಲಿ ಎಣ್ಣಿ? ಅದಕ್ಕ ಒಂದ ಮನಿ. ಒಂದ ಮನಿ ಇದ್ದಾಕಿನ್ನ ಮೊದಲ ಕುಂಡ್ರಸಬೇಕ್ರಿ. ಔಡಲದ ಚಟ್ನಿ ಯಾರ ತಿಂತಾರ? ಅದಕ್ಕೂ ಒಂದ ಮನಿ. ಎರಡ ಮನಿ ಇದ್ದಾವರು ಹೆಂಗರೆ ಬದಕ್ತಾರ, ಆಮ್ಯಾಲ ಕರದ್ರ ನಡೀತೈತಿ.”

ಈ ಸೂತ್ರವನ್ನು ನಾನು ಆ ವಾರ ಪತ್ರಿಕೆಯಲ್ಲಿ ಆಕೆಯ ಹೆಸರು ಹಾಕಿಯೇ ಅಚ್ಚು ಮಾಡಿದೆ. ಒಂದು ವಿಷಯದಲ್ಲಿ ಮಾತ್ರ ಆಕೆ ನನ್ನೊಡನೆ ಒಪ್ಪಲಿಲ್ಲ. ಮೂರು ಗುಂಪು ಸರಿಯಾದರೆ ಉಳಿದ ನಾಲ್ಕು ತಾವಾಗಿಯೇ ನಾಲ್ಕನೆಯ ಗುಂಪು, ಅವುಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಎಂದು ನಾನು ಬರೆದಿದ್ದೆ.

“ಹಂಗ ಅನಬ್ಯಾಡ್ರಿ ಅಕ್ಕಾರ. ಉಳದಾವು ಅಂತ ಒಂದ ಕಡೆ ದೂಡಿದ್ರ ಅದು ಗುಂಪ ಹೆಂಗಾದೀತು? ಅವಕ್ಕೂ ಒಂದ ಹೆಸರ ಬೇಕಲ್ಲ.”

ಎಂಬತ್ತೆರಡು ದಿನ ಆಕೆ ಒಮ್ಮೆಯೂ ತಪ್ಪಲಿಲ್ಲ. ಎಂಬತ್ತಮೂರನೆಯ ದಿನದ ಹದಿನಾರು ಪದಗಳಲ್ಲಿ ನಾಲ್ಕು ಒಡವೆಗಳು, ನಾಲ್ಕು ಹೊಳೆಗಳು, ನಾಲ್ಕು ಒಕ್ಕಲುತನದ ಸಾಮಾನುಗಳು ಮತ್ತು ಐವರು ಪಾಂಡವರಲ್ಲಿ ನಾಲ್ವರು ಇದ್ದರು. ಅತಿ ಸುಲಭದ ದಿನ. ಮೊದಲ ಮೂರು ಗುಂಪುಗಳನ್ನು ಮರೆವ್ವ ಒಂದೇ ಉಸಿರಿಗೆ ಹೇಳಿದಳು.

“ಇನ್ನ ಕಡೀಕ ಪಾಂಡವರ್ರಿ. ಧರ್ಮರಾಯ, ಭೀಮ, ನಕುಲ, ಮತ್ತ ಅವರು.”

“ಅವರು ಅಂದ್ರ ಯಾರು?”

“ಅವರ ರಿ. ಬಾಣ ಬಿಡಾವರು.”

“ಹೆಸರು ಹೇಳ್ರಿ.”

“ದ್ರೌಪದಿನ್ನ ಗೆದ್ದ ತಂದಾವರು.”

“ಮರೆವ್ವ, ಹೇಳಬೇಕಾದವರು ನೀವು, ತಿಳಕೊಳ್ಳಬೇಕಾದವಳು ನಾನಲ್ಲ. ಹೆಸರು ಹೇಳ್ರಿ.”

ಆಕೆ ಬಹಳ ಸಣ್ಣ ಧ್ವನಿಯಲ್ಲಿ, “ನಮ್ಮ ಮನಿಯವರ ಹೆಸರ್ರಿ ಅದು,” ಎಂದಳು.

ಹಿಂದಿನಿಂದ ಸುಗರಾಬಿಯ ಧ್ವನಿ ಬಂದಿತು: “ಅರ್ಜುನ ಅಂತ ಬರಕೋರಿ ಅಕ್ಕಾರ. ನಾ ಹೇಳೇನಿ, ನನಗೇನ ಅಂವ ಗಂಡ ಅಲ್ಲ.”

“ಫೋನ್ ಮಾಡಿದವರ ಹೇಳಬೇಕು,” ಎಂದೆ. “ಹದಿನೈದು ಪದಕ್ಕ ಉತ್ತರ ಪೂರ್ತಿ ಆಗೂದಿಲ್ಲ.”

ಮರೆವ್ವ ವಾದಿಸಲಿಲ್ಲ. “ಹೂಂನ್ರಿ,” ಎಂದು ಫೋನ್ ಇಟ್ಟಳು. ನಾನು ಆಕೆಯ ಹೆಸರಿನ ಮುಂದಿದ್ದ ಎಂಬತ್ತೆರಡನ್ನು ಹೊಡೆದು ಹಾಕಿದೆ.

ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳಬಾರದು, ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಅದನ್ನು ನಾನು ಹಳೆಯ ಕಾಲದ ಹೆಂಗಸರ ಅಂಜಿಕೆಯೆಂದು ಎಣಿಸಿ, ಸಂಜೆಯವರೆಗೆ ಮರೆತಿದ್ದೆ. ಸಂಜೆ ಅಂಗಡಿಯ ಸಾಮಾನು ಕೊಳ್ಳಲು ಪೇಟೆಗೆ ಬಂದ ಸುಗರಾಬಿ, ಎರಡು ಚೀಲಗಳನ್ನು ನನ್ನ ಮೇಜಿನ ಮೇಲೆಯೇ ಇಟ್ಟು ನಿಂತಳು. ಅಲ್ಲಿಯವರೆಗೆ ನಾನು ಆಕೆಯ ಮುಖ ನೋಡಿರಲಿಲ್ಲ.

“ನೀವೇನ ಅನ್ನಪೂರ್ಣಕ್ಕಾರು? ಫೋನಿನ್ಯಾಗಿನ ಧ್ವನಿ ಕೇಳಿ ಇನ್ನೂ ಎತ್ತರ ಇರಬೇಕು ಅಂದಕೊಂಡಿದ್ನಿ.”

“ಕುಂಡ್ರಿ.”

“ಕುಂಡ್ರಾಕ ಬಂದಿಲ್ರಿ. ಬಯ್ಯಾಕ ಬಂದೇನಿ. ಆಕಿ ಇವತ್ತ ಒಂದ ರೊಟ್ಟಿ ಬಡದಿಲ್ಲ, ನಿಮಗ ಗೊತ್ತೈತೇನ?”

“ನಿಯಮ ಎಲ್ಲಾರಿಗೂ ಒಂದ ಅದ.”

“ನಿಯಮಾ ಉಪ್ಪಿನಕಾಯಿ ಹಾಕಿ ಇಟಗೋರಿ. ನಾನೂ ನಮ್ಮ ಮನಿಯವರ ಹೆಸರ ಹೇಳೂದಿಲ್ರಿ, ಬಯ್ಯುವಾಗ ಅಷ್ಟ ಹೇಳ್ತೇನಿ. ಅಂವಗೇನೂ ಆಗಿಲ್ಲ, ಎಮ್ಮಿ ಇದ್ದಂಗ ಅದಾನ. ಆದ್ರ ಮರೆವ್ವಂದು ಬ್ಯಾರೆ.”

ಆಮೇಲೆ ಕುಳಿತಳು; ಕುಳಿತು ಹೇಳಿದಳು. ಅರ್ಜುನ ಇಪ್ಪತ್ತೆರಡು ವರ್ಷಗಳ ಹಿಂದೆ ರಾಮದುರ್ಗದ ಕಡೆ ಮಗ್ಗದ ಕೆಲಸಕ್ಕೆ ಹೋದವನು. ಜಗಳವಾಗಿರಲಿಲ್ಲ. ಮೊದಲ ಎರಡು ವರ್ಷ ಹಬ್ಬಕ್ಕೆ ಬಂದ. ಆಮೇಲೆ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಮರೆವ್ವನ ತಮ್ಮ ಶಟ್ಟೆಪ್ಪ ಎರಡು ಸಲ ಹೋಗಿ ಹುಡುಕಿ ಬಂದ. ಮಗ್ಗದ ಮಾಲಕ ಬೇರೆ ಊರಿಗೆ ಹೋಗಿದ್ದ, ಕೆಲಸಗಾರರು ಚೆದುರಿದ್ದರು. ಸತ್ತನೆಂದು ಹೇಳಿದವರೂ ಇಲ್ಲ, ಇದ್ದಾನೆಂದು ಹೇಳಿದವರೂ ಇಲ್ಲ. ಮರೆವ್ವ ಕುಂಕುಮ ಅಳಿಸಿಲ್ಲ.

“ಅಂವಗ ಪೇಪರ ಅಂದ್ರ ಜೀವ್ರಿ. ಚಾದಂಗಡ್ಯಾಗ ಕುಂತ ಮೊದಲನೇ ಹಾಳಿಯಿಂದ ಕಡೀ ಹಾಳಿತನಾ ಓದಾಂವ. ನಿಮ್ಮ ಪೇಪರ ರಾಮದುರ್ಗಕ್ಕ ಹೊಕ್ಕತಿ ಅಂತ ಕೇಳಿ ಈಕಿ ಆಟಕ್ಕ ಕೂತ್ಲು. ನೂರ ದಿನ ಆದ್ರ ಫೋಟೋದಾಗ ಮಾರಿ ಬರತೈತಿ, ಎಲ್ಲಿದ್ರೂ ನೋಡ್ತಾರ ಅಂತ. ಹೆಸರ ಹೇಳಿದ್ರ ಮಾರಿ ಬರತೈತಿ ಖರೆ. ಆದ್ರ ನೋಡಾಕ ಅಂವನ ಇರದಂಗಾದ್ರ? ಆಕಿ ಲೆಕ್ಕ ಅದ ಐತಿ. ತಾ ಹೆಸರ ಹೇಳಿಲ್ಲಂತ ಅಂವ ಇನ್ನೂ ಅದಾನಂತ.”

ಸುಗರಾಬಿ ಚೀಲ ಎತ್ತಿಕೊಂಡು ಹೋದಳು. ನಾನು ಮರುದಿನದ ಪದಗಳನ್ನು ಹೆಣೆಯಲು ಕುಳಿತೆ, ಆಗಲಿಲ್ಲ. ಹಳೆಯ ಪಟ್ಟಿಯೊಂದನ್ನು ತಿದ್ದಿ ಅಚ್ಚಿಗೆ ಕಳುಹಿಸಿದೆ. ನನ್ನ ಹನ್ನೊಂದು ವರ್ಷಗಳ ಕೆಲಸದಲ್ಲಿ ಅದು ಮೊದಲನೆಯ ಸಲ.

ಮರುದಿನ ಒಂಬತ್ತಕ್ಕೆ ಸಂಪಗಾಂವದಿಂದ ಫೋನ್ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಮಾಸ್ತರರು ಉತ್ತರ ಹೇಳುತ್ತಿದ್ದಾಗ ನಾನು ಕೇಳಿಸಿಕೊಳ್ಳುತ್ತಿಲ್ಲವೆಂಬುದು ನನಗೇ ತಿಳಿಯಿತು. ಅವರಿಂದ ಎರಡನೆಯ ಸಲ ಹೇಳಿಸಬೇಕಾಯಿತು. ಒಂದು ಧ್ವನಿಗಾಗಿ ಕಾಯುವುದು ನನ್ನ ಸ್ವಭಾವವಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಸಂಪಗಾಂವದ ಬಸ್ಸು ಹತ್ತಿದೆ.

ಮರೆವ್ವ ಒಲೆಯ ಮುಂದಿದ್ದಳು. ನಾನು ಯಾರೆಂದು ಸುಗರಾಬಿ ಹೇಳಿದ ಮೇಲೆ ಎದ್ದು, ಕೈ ತೊಳೆದು, ಚಾಪೆ ಹಾಸಿದಳು. ತೆಳ್ಳಗಿನ, ನೆಟ್ಟಗಿನ ಹೆಂಗಸು. ಗೋಡೆಯುದ್ದಕ್ಕೆ ರೊಟ್ಟಿಗಳು ಸಾಲಾಗಿ ಆರುತ್ತಿದ್ದವು. ನನಗೆ ಸುತ್ತಿ ಬಳಸಿ ಮಾತನಾಡಲು ಬರುವುದಿಲ್ಲ.

“ನಿಯಮಾ ಮುರಿಯಾಕ ಬಂದಿಲ್ಲ,” ಎಂದೆ. “ಆದ್ರ ನೀವು ಆಟ ಬಿಡಬಾರದು. ಮದುವಿಯೊಳಗ ಪ್ರಾಸಾ ಕಟ್ಟಿ ಒಡಪು ಹಾಕಿ ಗಂಡನ ಹೆಸರು ಹೇಳತೀರಲ್ಲ, ಹಂಗ ಹೇಳ್ರಿ. ಒಡಪಿನೊಳಗ ಬಂದರೂ ನಾ ಒಪ್ಪಿಕೋತೇನಿ.”

ಮರೆವ್ವ ತಲೆಯಾಡಿಸಿದಳು. “ಒಡಪು ಹಾಕೂದು ಅವರು ಎದುರಿಗಿದ್ದಾಗ್ರಿ. ಮಂದಿ ನಗತಾರ, ಅವರೂ ನಗತಾರ. ಎದುರಿಗಿಲ್ಲದಾಗ ಹೇಳಿದ್ರ ಕರದಂಗ ಆಗೂದಿಲ್ಲ, ಕಳಿಸಿಕೊಟ್ಟಂಗ ಆಗತೈತಿ.”

“ಹಂಗಾದ್ರ ಆ ಹೆಸರನ್ನ ಇನ್ನ ಮ್ಯಾಲ ಪಟ್ಟಿಯೊಳಗ ಹಾಕೂದಿಲ್ಲ.”

“ಅದೂ ಬ್ಯಾಡ್ರಿ. ನನ್ನ ಸಲುವಾಗಿ ಐದ ಮಂದ್ಯಾಗ ಅವರನ್ನಷ್ಟ ಯಾವಾಗಲೂ ಹೊರಗ ಇಟ್ರ ನಿಮ್ಮ ಆಟಾ ಸುಳ್ಳಾಗತೈತಿ. ಅವರು ಇರಬೇಕ್ರಿ. ಪಟ್ಟಿಯೊಳಗರ ಇರಲಿ.”

ಹೊಸ್ತಿಲ ಮೇಲಿದ್ದ ಸುಗರಾಬಿ ಹಣೆ ಬಡಿದುಕೊಂಡಳು. “ಇಬ್ಬರೂ ಒಂದ ಎರಕದಾಗ ಹುಟ್ಟೀರಿ. ಮತ್ತ ರೇಶನ್ ಕಾರ್ಡಿನ್ಯಾಗ ಸರಕಾರದವರು ಅಂವನ ಹೆಸರ ಬರದಾರಲ್ಲ, ಅದಕ್ಕೇನ ಅಂತೀ?”

“ಬರಿಯೂದ ಬ್ಯಾರೆ, ಹೇಳೂದ ಬ್ಯಾರೆ,” ಎಂದಳು ಮರೆವ್ವ. “ಬರದದ್ದು ಬಾಯಾಗ ಬರೂದಿಲ್ಲ.”

ಹಾಗೆ ಹೇಳಿ ತಾನೇ ತಲೆಯೆತ್ತಿ ನನ್ನನ್ನು ನೋಡಿದಳು. ಅಕ್ಷರಕ್ಕಾಗಿ ವರ್ಷಗಳ ಸಂಜೆಗಳನ್ನು ಕೊಟ್ಟ ನಾನು, ಉತ್ತರವನ್ನು ಬರೆದು ಕಳುಹಿಸಬಹುದು ಎಂಬ ಒಂದು ಸಾಲನ್ನು ನಿಯಮದಲ್ಲಿ ಬರೆದಿರಲಿಲ್ಲ. ತಪ್ಪು ನನ್ನದು. ಅದನ್ನು ಬಾಯಿಬಿಟ್ಟು ಹೇಳಿದೆ, ಹೇಳುವುದು ಸುಲಭವಾಗಿರಲಿಲ್ಲ.

ಮರೆವ್ವ ಹಿಟ್ಟು ನಾದುವ ಪರಾತದಲ್ಲಿ ಜೋಳದ ಹಿಟ್ಟು ಹರಡಿ ನನ್ನ ಮುಂದೆ ಇಟ್ಟಳು. ನಾನು ಬೆರಳಿನಿಂದ ಅದರಲ್ಲಿ ಬರೆದೆ. ಆಕೆ ಬಾಗಿ ನೋಡಿದಳು.

“ಇಷ್ಟ ಏನ್ರಿ?”

“ಇಷ್ಟ.”

“ಮೂರ ಅಕ್ಷರ?”

“ಮೂರು.”

“ನಾ ಭಾಳ ದೊಡ್ಡದಿರಬೇಕು ಅಂದಕೊಂಡಿದ್ನಿ,” ಎಂದಳು ಮರೆವ್ವ.

ನಾನು ಬರೆದುದರ ಕೆಳಗೆ ಆಕೆ ಬರೆದಳು. ಮೊದಲ ಸಲ ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಹಿಟ್ಟು ಸರಿಪಡಿಸಿ ಮತ್ತೆ ಬರೆದಳು. ಬಸ್ಸಿನ ಹೊತ್ತಾಗುವಷ್ಟರಲ್ಲಿ ನೋಡದೆ ಬರೆಯಲು ಬಂದಿತ್ತು. ಕೊನೆಯದನ್ನು ಆಕೆ ಅಳಿಸಲಿಲ್ಲ. ಪರಾತವನ್ನು ಅಲುಗದಂತೆ ಎತ್ತಿ ಮೂಲೆಯಲ್ಲಿಟ್ಟಳು.

“ಇವತ್ತ ಖಾನಾವಳಿಗೆ ಹತ್ತ ರೊಟ್ಟಿ ಕಡಿಮಿ,” ಎಂದಳು ಸುಗರಾಬಿ. ಯಾರೂ ನಗಲಿಲ್ಲ.

ಮರುದಿನದ ಪತ್ರಿಕೆಯಲ್ಲಿ, ಇನ್ನು ಮುಂದೆ ಉತ್ತರದ ಪೂರ್ತಿಯನ್ನಾಗಲಿ ಒಂದು ಭಾಗವನ್ನಾಗಲಿ ಬರೆದು ಹತ್ತು ಗಂಟೆಯೊಳಗೆ ತಲುಪಿಸಬಹುದು ಎಂದು ಪ್ರಕಟಿಸಿದೆ. ಕಾರಣ ಬರೆಯಲಿಲ್ಲ. ಎಂಬತ್ತೆರಡು ದಿನಗಳನ್ನು ನಾನು ಹಿಂದಿರುಗಿಸಲಿಲ್ಲ. ಮರೆವ್ವ ಕೇಳಲೂ ಇಲ್ಲ. ಮೊದಲ ದಿನದಂತೆಯೇ ನಮಸ್ಕಾರ ಹೇಳಿ ಒಂದರಿಂದ ಆರಂಭಿಸಿದಳು.

ನಲವತ್ತನೆಯ ದಿನದ ಸುಮಾರಿಗೆ ನಾನು ಆ ಹೆಸರನ್ನು ತಿಳಿದೇ ಪಟ್ಟಿಯಲ್ಲಿ ಹಾಕಿದೆ. ಹಾಕದಿದ್ದರೆ ಆಕೆಗೆ ತಿಳಿಯುತ್ತಿತ್ತು. ಆ ದಿನ ಫೋನಿನಲ್ಲಿ ಹದಿನೈದು ಪದಗಳನ್ನು ಹೇಳಿ, “ಇನ್ನೊಂದು ಬಸ್ಸಿನ್ಯಾಗ ಬರಾಕತ್ತೈತ್ರಿ,” ಎಂದಳು. ಹತ್ತಕ್ಕೆ ಹತ್ತು ನಿಮಿಷವಿರುವಾಗ ಕಂಡಕ್ಟರ್ ಒಂದು ಮಡಿಸಿದ ಹಾಳೆ ತಂದುಕೊಟ್ಟ. ಹಾಳೆಯ ತುಂಬ ದೊಡ್ಡದಾಗಿ ಮೂರು ಅಕ್ಷರಗಳಿದ್ದವು.

ನೂರನೆಯ ದಿನ ಚಳಿಗಾಲ ಕಳೆದ ಮೇಲೆ ಬಂದಿತು. ಸುಗರಾಬಿಯ ಗಂಡ ಬುರಾನಸಾಬ ತನ್ನ ಫೋನಿನಲ್ಲಿ ಚಿತ್ರ ತೆಗೆದು ಕಳುಹಿಸಿದ. ತಲೆಯ ಮೇಲೆ ಸೆರಗು, ಹಣೆಯ ತುಂಬ ಕುಂಕುಮ, ನಗೆಯಿಲ್ಲದ ಮುಖ. ನೋಟ ನೇರ, ಎದುರಿನವನನ್ನು ಗುರುತಿಸಲು ಪ್ರಯತ್ನಿಸುವಂತೆ. ಅದರ ಕೆಳಗೆ ‘ಮರೆವ್ವ, ಗಂಡ ಅರ್ಜುನ, ಸಂಪಗಾಂವ’ ಎಂದು ಅಚ್ಚು ಮಾಡಿದೆ. ರಾಮದುರ್ಗಕ್ಕೆ ದಿನಾಲೂ ಹೋಗುವ ಮೂವತ್ತು ಪ್ರತಿಗಳ ಬದಲು ಐವತ್ತನ್ನು ಬಸ್ಸಿಗೆ ಹಾಕಿಸಿ, ಚಹಾದ ಅಂಗಡಿಗಳಿಗೆಲ್ಲ ಒಂದೊಂದು ಮುಟ್ಟಿಸಬೇಕೆಂದು ಅಲ್ಲಿಯ ಏಜಂಟನಿಗೆ ಹೇಳಿದೆ.

ಚಿತ್ರ ಪ್ರಕಟವಾದ ದಿನ ಮರೆವ್ವ ಆಟಕ್ಕೆ ಕರೆ ಮಾಡಲಿಲ್ಲ; ಹತ್ತು ಗಂಟೆಯ ಮೇಲೂ ನಾನು ಫೋನಿನ ಬಳಿಯಿಂದ ಏಳಲಿಲ್ಲ. ಮಾಸ್ತರರು ಮರೆವ್ವನಿಗೆ ಅಭಿನಂದನೆ ತಿಳಿಸಿರೆಂದರು. ಮುರಗೋಡದಿಂದ ಯಾರೋ ಜಾಹೀರಾತಿನ ದರ ಕೇಳಿದರು. ಊಟಕ್ಕೆ ಹೋಗದೆ ಕುಳಿತೆ. ಸಂಜೆ ಏಜಂಟನಿಗೆ ನಾನೇ ಫೋನ್ ಮಾಡಿದೆ. ಪತ್ರಿಕೆಗಳು ಎಲ್ಲ ಕಡೆ ಮುಟ್ಟಿವೆ, ಆದರೆ ಯಾರೂ ಏನೂ ಕೇಳಲಿಲ್ಲ ಎಂದ.

ಮರುದಿನ ಸರಿಯಾಗಿ ಒಂಬತ್ತಕ್ಕೆ ಫೋನ್ ಬಂದಿತು.

“ನಮಸ್ಕಾರ್ರಿ ಅಕ್ಕಾರ. ಯಾರರೆ ಕೇಳಿದ್ರೇನ್ರಿ?”

“ಇಲ್ಲ, ಮರೆವ್ವ.”

“ರಾಮದುರ್ಗಕ್ಕ ಹೋಗಿತ್ತಲ್ರಿ ಪೇಪರ?”

“ಐವತ್ತು ಹೋಗಿದ್ದವು.”

ಸಮಾಧಾನ ಹೇಳಿದರೆ ಆಕೆ ತೆಗೆದುಕೊಳ್ಳುತ್ತಿರಲಿಲ್ಲ.

“ನಿನ್ನೆ ಅವರು ಊರಾಗ ಇರಲಿಕ್ಕಿಲ್ಲ,” ಎಂದಳು. “ಸಂತಿಗೆ ಹೋಗಿರಬೇಕು.”

ಆಮೇಲೆ ಆ ದಿನದ ಹದಿನಾರು ಪದಗಳನ್ನು ಹೇಳಿದಳು. ಒಂದೂ ತಪ್ಪಿರಲಿಲ್ಲ. ಕೊನೆಯ ಗುಂಪಿನ ಹೆಸರನ್ನು ನಾನು ಕೇಳುವ ಮೊದಲೇ ಹೇಳಿದಳು.

“ಇವತ್ತ ಒಂದನೇ ದಿನ ಅಂತ ಬರಕೋರಿ, ಅಕ್ಕಾರ.”

ನಾನು ಹೊಸ ಹಾಳೆ ತೆಗೆದು ಆಕೆಯ ಹೆಸರು ಬರೆದೆ. ಎದುರಿಗೆ ಒಂದು ಎಂದು ಹಾಕಿದೆ.